ಘಾಟಿ ಹತ್ತುವಾಗ ಆಟೋಮ್ಯಾಟಿಕ್ ಗೇರ್ ಜಾರಿದರೆ ಏನು ಮಾಡಬೇಕು?

ಎಂಜಿನ್ ಕೂಗುತ್ತಿದೆ, ಗಾಡಿ ಏರುತ್ತಿಲ್ಲ. ಕುಕ್ಕೆ ಕಡೆಯಿಂದ ಬಿಸಿಲೆ ಘಾಟಿ ಹತ್ತುವಾಗ ನನಗೆ ಹೀಗಾಯಿತು. ಆರ್‌ಪಿಎಂ ಮುಳ್ಳು 3,500ರಲ್ಲಿತ್ತು, ಸ್ಪೀಡು 15 ದಾಟುತ್ತಿರಲಿಲ್ಲ. ಮಳೆ ಬೇರೆ. ಚಕ್ರ ಜಾರುತ್ತಿರಬೇಕು ಅಂದುಕೊಂಡು ಫೋರ್ ವೀಲ್‌ಗೆ ಹಾಕಿದೆ. ಏನೂ ಬದಲಾಗಲಿಲ್ಲ. ಇನ್ನೆರಡು ತಿರುವು ಹಾಗೇ ಹತ್ತಿಸಿದೆ. ಅಷ್ಟರಲ್ಲಿ ಒಳಗೆಲ್ಲ ಸುಟ್ಟ ವಾಸನೆ. ಗೇರ್ ಬಾಕ್ಸಿನ ಆಯಿಲ್ ಕಡಿಮೆಯಾಗಿ ಒಳಗಿನ ಕ್ಲಚ್ ಪ್ಲೇಟುಗಳು ಜಾರುತ್ತಿದ್ದವು. ಆ ಎರಡು ತಿರುವಿನಲ್ಲೇ ಅವು ಸುಟ್ಟುಹೋದವು. ಮಲೆನಾಡಿನಲ್ಲಿ ಈಗ ಆಟೋಮ್ಯಾಟಿಕ್ ಫೋರ್ ವೀಲ್ ಡ್ರೈವ್ ಗಾಡಿಗಳು ಜಾಸ್ತಿ. ನನಗಾದದ್ದು ಬೇರೆಯವರಿಗೆ ಆಗದಿರಲಿ ಅಂತ ಇದನ್ನು ಬರೆಯುತ್ತಿದ್ದೇನೆ.

ಮ್ಯಾನ್ಯುಯಲ್ ಗಾಡಿ ಓಡಿಸಿ ಅಭ್ಯಾಸ ಇರುವವರಿಗೆ ಗೇರ್ ಆಯಿಲ್ ಅಂದರೆ ಹಲ್ಲುಗಳು ಸವೆಯದಂತೆ ನೋಡಿಕೊಳ್ಳುವ ಆಯಿಲ್, ಅಷ್ಟೆ. ಸ್ವಲ್ಪ ಕಡಿಮೆ ಇದ್ದರೂ ಗಾಡಿ ಮನೆ ಸೇರುತ್ತದೆ. ಆಟೋಮ್ಯಾಟಿಕ್‌ನಲ್ಲಿ ಹಾಗಲ್ಲ. ಎಂಜಿನ್ ಶಕ್ತಿಯನ್ನು ಟಾರ್ಕ್ ಕನ್ವರ್ಟರ್ (ಎಂಜಿನ್ ಮತ್ತು ಗೇರ್ ಬಾಕ್ಸಿನ ನಡುವೆ ಇರುವ, ಆಯಿಲ್ ತುಂಬಿದ ಭಾಗ) ಮೂಲಕ ಗೇರ್ ಬಾಕ್ಸಿಗೆ ಮುಟ್ಟಿಸುವುದು ಈ ಆಯಿಲ್. ಕ್ಲಚ್ ಪ್ಲೇಟುಗಳನ್ನು ಒತ್ತಿ ಹಿಡಿಯುವುದು ಇದರದೇ ಪ್ರೆಶರ್. ಬಿಸಿಯನ್ನು ಹೊತ್ತುಕೊಂಡು ಕೂಲರ್‌ಗೆ ಹೋಗುವುದೂ ಇದೇ. ಮಟ್ಟ ಇಳಿದರೆ ಪಂಪು ಆಯಿಲ್ ಜೊತೆ ಗಾಳಿಯನ್ನೂ ಎಳೆಯುತ್ತದೆ, ನೊರೆ ಬರುತ್ತದೆ, ಪ್ರೆಶರ್ ಬಿದ್ದುಹೋಗುತ್ತದೆ. ಪ್ಲೇಟು ಜಾರಿದಷ್ಟೂ ಬಿಸಿ ಏರುತ್ತದೆ.

ಕಡಿದಾದ ಏರಿನಲ್ಲಿ ಇನ್ನೊಂದು ತೊಂದರೆ ಇದೆ. ಆಯಿಲ್ ಹಿಂದಕ್ಕೆ ಸರಿಯುತ್ತದೆ. ಸಪಾಟು ರಸ್ತೆಯಲ್ಲಿ ಹೇಗೋ ಸಾಕಾಗುತ್ತಿದ್ದ ಆಯಿಲ್ ಘಾಟಿಯಲ್ಲಿ ಪಂಪಿಗೆ ಸಿಗುವುದಿಲ್ಲ. ಕರಾವಳಿಯಲ್ಲಿ ಸರಿಯಾಗಿ ಓಡಿದ ಗಾಡಿ ಚಾರ್ಮಾಡಿಯಲ್ಲೋ ಆಗುಂಬೆಯಲ್ಲೋ ಕೈಕೊಡುವುದು ಇದಕ್ಕೇ.

ಅದಕ್ಕೂ ಮೊದಲೇ ಗಾಡಿ ಸೂಚನೆ ಕೊಡುತ್ತದೆ. ಬೆಳಿಗ್ಗೆ ಡಿಗೆ (ಮುಂದಕ್ಕೆ) ಅಥವಾ ಆರ್‌ಗೆ (ಹಿಂದಕ್ಕೆ) ಹಾಕಿದಾಗ ಒಂದೆರಡು ಸೆಕೆಂಡು ಸುಮ್ನೆ ನಿಂತು, ಆಮೇಲೆ ಧಡ್ ಅಂತ ಹಿಡಿಯುತ್ತದೆ. ಗೇರ್ ಬಾಕ್ಸಿನಿಂದ ಗುಂಯ್ ಅನ್ನುವ ಶಬ್ದ ಬರಬಹುದು. ಕೆಲವು ಗಾಡಿಗಳಲ್ಲಿ ಆಯಿಲ್ ಬಿಸಿಯಾದ ದೀಪವೂ ಹತ್ತುತ್ತದೆ. (ಎಎಂಟಿ ಗಾಡಿಯವರು ಇದನ್ನು ತಮಗೆ ಅನ್ವಯಿಸಿಕೊಳ್ಳಬೇಡಿ. ಅದು ಒಳಗೆ ಮ್ಯಾನ್ಯುಯಲ್ ಗೇರ್ ಬಾಕ್ಸೇ, ಕ್ಲಚ್ಚು ಗೇರು ಹಾಕುವುದು ಯಂತ್ರ, ಅಷ್ಟೆ.)

ಮೊದಲು ನಿಲ್ಲಿಸಿ

ಜಾರುತ್ತಿದೆ ಅನಿಸಿದ ಕೂಡಲೇ ಕಾಲು ತೆಗೆಯಿರಿ. ಆದಷ್ಟು ಹತ್ತಿರದ ಸಪಾಟು ಜಾಗದಲ್ಲಿ ನಿಲ್ಲಿಸಿ. ತಿರುವಿನಲ್ಲಿ ಬೇಡ. ಹ್ಯಾಂಡ್ ಬ್ರೇಕ್ ಎಳೆದು, ಪಿಗೆ (ಪಾರ್ಕ್) ಹಾಕಿ, ಚಕ್ರಕ್ಕೆ ದಪ್ಪ ಕಲ್ಲು ಕೊಡಿ. ಕೆಳಗೆ ಆಯಿಲ್ ಸುರಿಯುತ್ತಿದ್ದರೆ ಎಂಜಿನ್ ತಕ್ಷಣ ಆಫ್ ಮಾಡಿ. ಸೋರಿಕೆ ಕಾಣದೆ ಬರೀ ಬಿಸಿಯ ದೀಪ ಹತ್ತಿದ್ದರೆ, ಪಿನಲ್ಲೇ ಎಂಜಿನ್ ಐಡ್ಲಿಂಗ್‌ನಲ್ಲಿರಲಿ. ಆಯಿಲ್ ಕೂಲರ್ ಮೂಲಕ ತಿರುಗಿ ತಣ್ಣಗಾಗುತ್ತದೆ.

ಎಲ್ಲಿಂದ ಹೋಯಿತು, ನೋಡಿ

ಎಂಜಿನ್ ಆಯಿಲ್ ಅಲ್ಪಸ್ವಲ್ಪ ಉರಿದುಹೋಗಬಹುದು. ಗೇರ್ ಬಾಕ್ಸಿನ ಆಯಿಲ್ ಹಾಗೆ ಖರ್ಚಾಗುವುದಿಲ್ಲ. ಕಡಿಮೆಯಾಗಿದೆ ಅಂದರೆ ಎಲ್ಲೋ ಸೋರಿದೆ. ಆ ಜಾಗ ಸಿಗುವವರೆಗೆ ಎಷ್ಟು ಸುರಿದರೂ ಪ್ರಯೋಜನ ಇಲ್ಲ.

ಇಳಿಜಾರಿನಲ್ಲಿ ಗಾಡಿ ಅಡಿ ತೂರಬೇಡಿ. ಟಾರ್ಚ್ ಹಿಡಿದು ಪಕ್ಕದಿಂದ ಬಗ್ಗಿ ನೋಡಿದರೆ ಸಾಕು. ಹನಿಯನ್ನು ಬಿಳಿ ಕಾಗದಕ್ಕೆ ಹಿಡಿಯಿರಿ. ಸಾಮಾನ್ಯವಾಗಿ ಈ ಆಯಿಲ್ ಕೆಂಪಗಿರುತ್ತದೆ, ಹಳೆಯದಾದರೆ ಕಂದು. ಕೆಲವು ಕೂಲೆಂಟ್‌ಗಳೂ ಕೆಂಪಗಿರುತ್ತವೆ, ಹಾಗಾಗಿ ಬೆರಳಲ್ಲಿ ಉಜ್ಜಿ ನೋಡಿ. ಕೂಲೆಂಟ್ ನೀರಿನಂತೆ, ಆಯಿಲ್ ಜಿಡ್ಡು. ಹನಿ ರೇಡಿಯೇಟರ್ ಕೆಳಗಿದ್ದರೆ ಕೂಲರ್ ಪೈಪಿನ ಮೇಲೆ ಅನುಮಾನ, ನಡುವಿನಲ್ಲಿದ್ದರೆ ಗೇರ್ ಬಾಕ್ಸಿನ ಪ್ಯಾನ್ ಗ್ಯಾಸ್ಕೆಟ್ ಅಥವಾ ಸೀಲು. ಆಯಿಲ್ ತಿಳಿಗುಲಾಬಿ ಬಣ್ಣಕ್ಕೆ ತಿರುಗಿ ಹಾಲಿನಂತೆ ಕಂಡರೆ ನೀರೋ ಕೂಲೆಂಟೋ ಸೇರಿದೆ. ಹಳ್ಳ ದಾಟಿದ ಮೇಲೆ ಹೀಗಾಗುವುದುಂಟು. ಅಂಥ ಗಾಡಿಯನ್ನು ಸ್ಟಾರ್ಟ್ ಮಾಡಲೇಬೇಡಿ.

ಫೋರ್ ವೀಲ್ ಗಾಡಿಗೆ ಮಾತ್ರ ಇರುವ ಒಂದು ಕಳ್ಳದಾರಿ ಇದೆ. ಗೇರ್ ಬಾಕ್ಸಿನ ಹಿಂದೆ, ಶಕ್ತಿಯನ್ನು ಮುಂದಿನ ಹಿಂದಿನ ಚಕ್ರಗಳಿಗೆ ಹಂಚುವ ಟ್ರಾನ್ಸ್‌ಫರ್ ಕೇಸ್ ಇರುತ್ತದೆ. ಅದರ ಆಯಿಲ್ ಸಾಮಾನ್ಯವಾಗಿ ಬೇರೆ. ಇವೆರಡರ ನಡುವಿನ ಸೀಲು ಹೋದರೆ ಗೇರ್ ಬಾಕ್ಸಿನ ಆಯಿಲ್ ಅದರೊಳಗೆ ಇಳಿಯಬಹುದು. ನೆಲದ ಮೇಲೆ ಒಂದು ಹನಿಯೂ ಕಾಣುವುದಿಲ್ಲ. ಸೋರಿಕೆ ಸಿಗುತ್ತಿಲ್ಲ ಅಂತ ಮೆಕ್ಯಾನಿಕ್ ಹೇಳಿದರೆ, ಟ್ರಾನ್ಸ್‌ಫರ್ ಕೇಸಿನ ಆಯಿಲ್ ಮಟ್ಟವನ್ನೂ ನೋಡಲು ಹೇಳಿ.

ಮಟ್ಟ ನೋಡಿ, ಹಾಕಿ

ನಿಮ್ಮ ಗಾಡಿಯ ಗೇರ್ ಬಾಕ್ಸಿಗೆ ಡಿಪ್‌ಸ್ಟಿಕ್ (ಆಯಿಲ್ ಮಟ್ಟ ನೋಡುವ ಕಡ್ಡಿ) ಇದ್ದರೆ ಅದೃಷ್ಟ. ಹೆಚ್ಚಿನ ಗಾಡಿಗಳಲ್ಲಿ ಎಂಜಿನ್ ಚಾಲೂ ಇಟ್ಟು, ಆಯಿಲ್ ಬಿಸಿಯಿರುವಾಗ, ಸಪಾಟು ಜಾಗದಲ್ಲಿ ನೋಡಬೇಕು. ಅದಕ್ಕೂ ಮುಂಚೆ ಬ್ರೇಕ್ ತುಳಿದು ಲಿವರನ್ನು ಎಲ್ಲ ಗೇರಿಗೂ ಒಮ್ಮೆ ಹಾಕಿ ಪಿಗೆ ತನ್ನಿ. ಕೆಲವು ಕಂಪನಿಗಳ ಕ್ರಮ ಬೇರೆ, ಗಾಡಿಯ ಕೈಪಿಡಿ ನೋಡಿಯೇ ಮಾಡಿ. ಈಗಿನ ಬಹಳಷ್ಟು ಗಾಡಿಗಳಲ್ಲಿ ಕಡ್ಡಿಯೇ ಇಲ್ಲ. ಆಯಿಲ್ ಸುಮಾರು 40 ಡಿಗ್ರಿ ಬಿಸಿಯಿರುವಾಗ ಕೆಳಗಿನ ಪ್ಲಗ್ ಬಿಚ್ಚಿ ನೋಡಬೇಕು, ಬಿಸಿ ಅಳೆಯಲು ಸ್ಕ್ಯಾನರ್ ಬೇಕು. ಅದು ರಸ್ತೆ ಬದಿಯ ಕೆಲಸವಲ್ಲ.

ಕೆಂಪಗಿದೆ ಅಂತ ಸಿಕ್ಕ ಆಯಿಲ್ ಸುರಿಯಬೇಡಿ. ಟೊಯೊಟಾದಲ್ಲೇ ಡಬ್ಲ್ಯುಎಸ್ ಅನ್ನುವ ಆಯಿಲ್ ಬೇರೆ, ಟಿ-4 ಅನ್ನುವುದು ಬೇರೆ. ಗಾಡಿಯ ಕೈಪಿಡಿಯಲ್ಲಿ ಯಾವುದಿದೆಯೋ ಅದೇ ಹಾಕಿ. ಎಂಜಿನ್ ಆಯಿಲ್ ಅಂತೂ ಬೇಡವೇ ಬೇಡ. ಸಣ್ಣ ಲಾಳಿಕೆಯಲ್ಲಿ 200 ಎಂಎಲ್‌ನಂತೆ ಹಾಕಿ, ಪ್ರತಿ ಸಲ ಅಳೆಯಿರಿ. ಜಾಸ್ತಿಯಾದರೂ ನೊರೆ ಬರುತ್ತದೆ.

ಸರಿಸಲೇಬೇಕಾದರೆ

ನೆಟ್‌ವರ್ಕ್ ಇಲ್ಲ, ಕತ್ತಲಾಗುತ್ತಿದೆ, ನಿಂತ ಜಾಗ ಅಪಾಯದ್ದು ಅನ್ನೋಣ. ಗೇರ್ ಇನ್ನೂ ಹಿಡಿಯುತ್ತಿದ್ದರೆ ಸುರಕ್ಷಿತ ಜಾಗದವರೆಗೆ ಮಾತ್ರ ಸರಿಸಿ. ಎಸ್ಟೇಟಿನ ಮಣ್ಣು ರಸ್ತೆಯಾದರೆ 4ಎಲ್‌ನಲ್ಲಿ (ಫೋರ್ ವೀಲ್‌ನ ಲೋ ಗೇರ್) ನಿಧಾನ ಹೋಗಿ, ಟಾರ್ಕ್ ಕನ್ವರ್ಟರ್ ಮೇಲೆ ಭಾರ ಕಡಿಮೆ. ಒಣ ಡಾಂಬರಿನಲ್ಲಿ 4ಎಲ್ ಬೇಡ. ನ್ಯೂಟ್ರಲ್‌ಗೆ ಹಾಕಿ ಘಾಟಿ ಇಳಿಯುವ ಯೋಚನೆ ಖಂಡಿತ ಮಾಡಬೇಡಿ. ಬ್ರೇಕ್ ಕಾದು ಕೆಲಸ ಬಿಟ್ಟರೆ ಪ್ರಾಣಕ್ಕೇ ಸಂಚಕಾರ.

ಎಳೆಸುವುದಾದರೆ ನಾಲ್ಕೂ ಚಕ್ರ ಮೇಲೇರುವ ಫ್ಲ್ಯಾಟ್‌ಬೆಡ್ ಲಾರಿ ಕರೆಸಿ. ಹಗ್ಗ ಕಟ್ಟಿ ಎಳೆದರೆ ಚಕ್ರದ ಜೊತೆ ಗೇರ್ ಬಾಕ್ಸಿನ ಒಳಭಾಗ ತಿರುಗುತ್ತದೆ. ಎಂಜಿನ್ ಆಫ್ ಆಗಿರುವುದರಿಂದ ಪಂಪು ಆಯಿಲ್ ಕೊಡುವುದಿಲ್ಲ. 2020ರ ಥಾರ್‌ನಂತೆ ಟ್ರಾನ್ಸ್‌ಫರ್ ಲಿವರಿನಲ್ಲಿ ಎನ್ (ನ್ಯೂಟ್ರಲ್) ಇರುವ ಗಾಡಿಗಳುಂಟು. ಕೈಪಿಡಿ ಒಪ್ಪಿದರೆ ಎಳೆಯುವಾಗ ಅದನ್ನು ಬಳಸಬಹುದು. ಆದರೆ ಒಂದು ನೆನಪಿಡಿ, ಆ ಲಿವರ್ ಎನ್‌ನಲ್ಲಿದ್ದಾಗ ಪಿ ಹಾಕಿದ್ದರೂ ಗಾಡಿ ಉರುಳುತ್ತದೆ. ಹ್ಯಾಂಡ್ ಬ್ರೇಕ್ ಎಳೆದು, ಕಲ್ಲು ಕೊಟ್ಟ ಮೇಲೆಯೇ ಅದನ್ನು ಮುಟ್ಟಿ.

ಗ್ಯಾರೇಜಿನಲ್ಲಿ ಪ್ಯಾನ್ ಬಿಚ್ಚಿದಾಗ ಪಕ್ಕದಲ್ಲಿ ನಿಂತು ನೋಡಿ. ಒಳಗಿನ ಆಯಸ್ಕಾಂತಕ್ಕೆ ನುಣ್ಣನೆ ಕಪ್ಪು ಕೆಸರು ಅಂಟಿದ್ದರೆ ಗಾಬರಿ ಬೇಡ. ಲೋಹದ ಚೂರು ಬೆರಳಿಗೆ ಚುಚ್ಚಿದರೆ ಗೇರ್ ಬಾಕ್ಸ್ ಬಿಚ್ಚಿಸಬೇಕಾಗುತ್ತದೆ. ನನ್ನ ಗಾಡಿಯಲ್ಲಿ ಎರಡೂ ಸಿಕ್ಕಿದವು. ಹಿಂದಿನ ತಿಂಗಳು ಒಂದು ಗ್ಯಾರೇಜಿನಲ್ಲಿ ರೇಡಿಯೇಟರ್ ಬದಲಿಸಿದಾಗ ಕೂಲರ್ ಪೈಪಿನ ಕ್ಲಿಪ್ಪನ್ನು ಸರಿಯಾಗಿ ಬಿಗಿದಿರಲಿಲ್ಲ. ಹೊರಡುವ ದಿನ ಬೆಳಿಗ್ಗೆ ಕಾಫಿ ಕಣದ ಸಿಮೆಂಟಿನ ಮೇಲೆ ರೂಪಾಯಿ ಅಗಲದ ಎರಡು ಕೆಂಪು ಕಲೆ ನೋಡಿದ್ದೆ. ಕುಂಕುಮದ ನೀರೇನೋ ಅಂದುಕೊಂಡು ದಾಟಿ ಹೋಗಿದ್ದೆ. ಈಗ ರಾತ್ರಿ ಗಾಡಿ ನಿಲ್ಲಿಸುವಾಗ ಅಡಿಗೆ ಒಂದು ರಟ್ಟು ಹಾಸುತ್ತೇನೆ. ಬೆಳಿಗ್ಗೆ ಅದನ್ನು ಎಳೆದು ನೋಡಿದ ಮೇಲೆಯೇ ಕೀ ತಿರುಗಿಸುವುದು.