ಸುಗ್ಗಿ ಟೈಮಲ್ಲಿ ರೋಡ್ ಮೇಲೆ ಹುರುಳಿ ಸೊಪ್ಪು ಹಾಸಿದ್ರೆ ಕಾರು ಹೆಂಗೆ ಓಡಿಸ್ಬೇಕು

ಡಿಸೆಂಬರ್ ಜನವರಿ ಬಂತು ಅಂದ್ರೆ ನಾಗಮಂಗಲ, ಮಳವಳ್ಳಿ, ಎಚ್.ಡಿ. ಕೋಟೆ ಕಡೆ ಹಳ್ಳಿ ರೋಡುಗಳೆಲ್ಲಾ ಕಣ ಆಗೋಗ್ತವೆ. ಹುರುಳಿ, ರಾಗಿ ಏನೇ ಇರ್ಲಿ ತಂದು ಟಾರ್ ಮೇಲೆ ಹಾಸ್ತಾರೆ, ಓಡಾಡೋ ಗಾಡಿಗಳ ಚಕ್ರದಲ್ಲೇ ಒಕ್ಕಣೆ ಮುಗಿಯುತ್ತೆ. ಆಳು ಸಿಗಲ್ಲ, ಊರಲ್ಲಿ ಕಣಾನೂ ಉಳಿದಿಲ್ಲ, ರೈತರ ಕಷ್ಟ ನಂಗೂ ಗೊತ್ತು, ಆದ್ರೂ ಇದು ಜೀವ ತೆಗೆಯೋ ಕೆಲಸ ಅಂತ ಯಾರ ಮುಂದೆ ಬೇಕಾದ್ರೂ ಹೇಳ್ತೀನಿ. ಅದು ನಿಲ್ಲೋವರ್ಗೂ ಓಡ್ಸೋರು ಹುಷಾರಾಗಿರ್ಬೇಕು.

ಒಂದೊಂದು ಟೈರೂ ರೋಡ್ ಮುಟ್ಟೋದು ಅಂಗೈ ಅಗಲ ಅಷ್ಟೇ. ಅಲ್ಲಿ ಮಧ್ಯ ಸೊಪ್ಪು ಬಂದ್ರೆ ಟೈರಿಗೆ ಟಾರ್ ಸಿಗಲ್ಲ, ಸೊಪ್ಪು ಒಂದರ ಮೇಲೊಂದು ಜಾರುತ್ತೆ, ಅಡೀಲಿ ಉದುರಿರೋ ಕಾಳು ಉರುಳುತ್ತೆ. ಬೆಳಗ್ಗೆ ಇಬ್ಬನಿಗೆ ನೆಂದಿದ್ರಂತೂ ಇನ್ನೂ ಕಷ್ಟ. ಮನಾಲಿ ಕಡೆ ಹಿಮದ ರೋಡಲ್ಲಿ ಓಡ್ಸೋರಿಗೂ ಹೇಳ್ಕೊಡೋದು ಇದೇ, ಏನನ್ನೂ ದಿಢೀರ್ ಅಂತ ಮಾಡ್ಬೇಡಿ ಅಂತ.

ಸೊಪ್ಪು ದೂರದಲ್ಲಿ ಕಂಡ ತಕ್ಷಣ, ಇನ್ನೂ ಬರೀ ಟಾರ್ ಮೇಲೆ ಇರೋವಾಗ್ಲೇ ಬ್ರೇಕ್ ಹಾಕಿ ಸ್ಪೀಡ್ ಇಳ್ಸಿ, ಸೆಕೆಂಡ್ ಗೇರಿಗೆ ಬನ್ನಿ. ಸೊಪ್ಪಿನ ಮೇಲೆ ಹೋದ್ಮೇಲೆ ಬ್ರೇಕ್ ಹಾಕಿದ್ರೆ ಪ್ರಯೋಜನ ಕಮ್ಮಿ. ಸುಮಾರು ಕಡೆ ಅರ್ಧ ರೋಡಿಗೆ ಮಾತ್ರ ಹಾಸಿ ಅಂಚಿಗೆ ಕಲ್ಲು ಇಟ್ಟಿರ್ತಾರೆ, ರಾತ್ರಿ ಆ ಕಲ್ಲು ಹತ್ರ ಬರೋವರ್ಗೂ ಕಾಣಲ್ಲ. ಖಾಲಿ ಇರೋ ಅರ್ಧದಲ್ಲಿ ಎದುರಿನ ಗಾಡಿ ಬರ್ತಿದ್ರೆ ನಿಂತು ಅವರನ್ನ ಬಿಟ್ಟು ಆಮೇಲೆ ಹೋಗಿ. ಎಡಗಡೆ ಚಕ್ರ ಸೊಪ್ಪಿನ ಮೇಲೆ ಬಲಗಡೆ ಚಕ್ರ ಟಾರ್ ಮೇಲೆ ಇದ್ದಾಗ ಬ್ರೇಕ್ ಒತ್ತಿದ್ರೆ ಕಾರು ಬಲಕ್ಕೆ ಎಳೆಯುತ್ತೆ, ಅಂದ್ರೆ ಎದುರಿಂದ ಬರೋರ ಕಡೆಗೇ.

ಇಷ್ಟೆಲ್ಲಾ ಮಾಡಿದ್ರೂ ಜಾರಿತು ಅಂದ್ಕೊಳ್ಳಿ. ಮೊದಲು ಆಕ್ಸಿಲರೇಟರಿಂದ ಕಾಲು ತೆಗೀರಿ. ಸ್ಟೇರಿಂಗ್ ತಿರುಗ್ಸಿದ್ರೂ ಕಾರು ನೇರ ಹೋಗ್ತಾ ಇದ್ರೆ ಜಾರ್ತಿರೋದು ಮುಂದಿನ ಚಕ್ರ, ಆಗ ಎಲ್ರೂ ಭಯಕ್ಕೆ ಇನ್ನೂ ಜಾಸ್ತಿ ತಿರುಗಿಸ್ತಾರೆ, ಅದು ಬೇಡ, ತಿರುಗ್ಸಿರೋದನ್ನ ಸ್ವಲ್ಪ ಬಿಡಿ, ಸ್ಪೀಡ್ ಇಳೀತಾ ಟೈರಿಗೆ ಹಿಡಿತ ಸಿಗುತ್ತೆ. ಹಿಂಭಾಗ ಬೀಸ್ಕೊಂಡು ಎಡಕ್ಕೆ ಹೋದ್ರೆ ಸ್ಟೇರಿಂಗೂ ಎಡಕ್ಕೆ, ಬಲಕ್ಕೆ ಹೋದ್ರೆ ಬಲಕ್ಕೆ, ಮೆತ್ತಗೆ, ಕಾರು ಸೀದಾ ಆಗ್ತಾ ಇದ್ದಂಗೆ ಸ್ಟೇರಿಂಗೂ ಸೀದಾ ಮಾಡಿ, ಇಲ್ಲಾಂದ್ರೆ ಆ ಕಡೆಯಿಂದ ಈ ಕಡೆಗೆ ಬೀಸುತ್ತೆ. ಕಣ್ಣು ಮಾತ್ರ ಹೋಗ್ಬೇಕಾದ ದಾರಿ ಮೇಲೆ ಇರ್ಲಿ, ಮರ ನೋಡಿದ್ರೆ ಕೈ ಮರದ ಕಡೆಗೇ ತಿರುಗುತ್ತೆ. ಬ್ರೇಕ್ ಹಾಕ್ಲೇಬೇಕು ಅಂದ್ರೆ, ಎಬಿಎಸ್ (ಚಕ್ರ ಲಾಕ್ ಆಗದಂಗೆ ನೋಡ್ಕೊಳ್ಳೋ ಬ್ರೇಕ್ ವ್ಯವಸ್ಥೆ) ಇರೋ ಕಾರಲ್ಲಿ ಗಟ್ಟಿಯಾಗಿ ಒತ್ತಿ ಹಿಡೀರಿ, ಪೆಡಲ್ ಗಡಗಡ ಅಂತ ಕಾಲಿಗೆ ಹೊಡೆಯುತ್ತೆ, ಹೆದ್ರಿ ಬಿಡ್ಬೇಡಿ. ಎಬಿಎಸ್ ಇಲ್ದಿರೋ ಹಳೇ ಕಾರಾದ್ರೆ ಚಕ್ರ ಲಾಕ್ ಆಗಿ ಸ್ಟೇರಿಂಗ್ ಕೆಲಸ ಮಾಡಲ್ಲ, ಬ್ರೇಕ್ ಸ್ವಲ್ಪ ಬಿಟ್ಟು ಮತ್ತೆ ಒತ್ತಿ. ಟೈರ್ ಸವೆದು ಅದರ ಗೀರುಗಳ ಆಳ 1.6 ಮಿಲಿಮೀಟರಿಗಿಂತ ಕಮ್ಮಿ ಆಗಿದ್ರೆ ಕಾನೂನಲ್ಲೂ ಓಡ್ಸಂಗಿಲ್ಲ.

ನಾಲೆ ಏರಿ ಮೇಲಿನ ರೋಡಲ್ಲಿ ಜಾರಿದ್ರೆ ಕಥೆನೇ ಬೇರೆ. 2018ರ ನವೆಂಬರಲ್ಲಿ ಪಾಂಡವಪುರ ತಾಲ್ಲೂಕು ಕನಗನಮರಡಿ ಹತ್ರ ಬಸ್ಸು ವಿ.ಸಿ. (ವಿಶ್ವೇಶ್ವರಯ್ಯ) ನಾಲೆಗೆ ಬಿದ್ದು 30 ಜನ ಹೋದ್ರು, ಅದ್ರಲ್ಲಿ ಸ್ಕೂಲ್ ಮಕ್ಕಳೂ ಇದ್ರು. ಕಾರು ನೀರಿಗೆ ಬಿದ್ರೆ ಫೋನ್ ಮಾಡ್ತಾ ಕೂರ್ಬೇಡಿ. ಬೆಲ್ಟ್ ಬಿಚ್ಚಿ, ತಕ್ಷಣ ಕಿಟಕಿ ಗ್ಲಾಸ್ ಇಳ್ಸಿ, ಮಕ್ಕಳನ್ನ ಮೊದಲು ಹೊರಗೆ ದಬ್ಬಿ. ಹೊರಗಿನ ನೀರಿನ ಒತ್ತಡಕ್ಕೆ ಡೋರ್ ತೆಗೆಯಕ್ಕಾಗಲ್ಲ. ಗ್ಲಾಸ್ ಇಳೀಲಿಲ್ಲ ಅಂದ್ರೆ ಪಕ್ಕದ ಗ್ಲಾಸಿನ ಮೂಲೆಗೆ ಹೊಡೀರಿ, ಮುಂದಿನ ಗ್ಲಾಸ್ ಬಿರುಕು ಬಿಡುತ್ತೇ ಹೊರತು ಉದುರಲ್ಲ. ಅದಕ್ಕೇ ಅಂತ ಸಿಗೋ ಚಿಕ್ಕ ಸುತ್ತಿಗೆ ಒಂದು ಸೀಟ್ ಪಕ್ಕ ಇರ್ಲಿ.

ಇನ್ನೊಂದು, ಸೊಪ್ಪು ದಾಟಿದ ಖುಷೀಲಿ ಹಂಗೇ ಮೈಸೂರಿಗೆ ಹೊಡ್ಕೊಂಡ್ ಬರ್ಬೇಡಿ. ಹುರುಳಿ ಬಳ್ಳಿ ಕಾರಿನಡಿ ಆಕ್ಸಲ್ಲಿಗೆ ಹಗ್ಗದ ಥರ ಸುತ್ಕೊಂಡಿರುತ್ತೆ, ಸೈಲೆನ್ಸರ್ ಬಿಸಿಗೆ ತಾಗಿದ್ರೆ ಹೊತ್ಕೊಳ್ಳುತ್ತೆ. ಸೊಪ್ಪಿಲ್ಲದ ಜಾಗದಲ್ಲಿ ನಿಲ್ಸಿ, ಇಂಜಿನ್ ಆಫ್ ಮಾಡಿ, ಹ್ಯಾಂಡ್‌ಬ್ರೇಕ್ ಹಾಕಿ ಬಗ್ಗಿ ನೋಡಿ, ಸ್ವಲ್ಪ ಆರಿದ್ಮೇಲೆ ಕೋಲಿಂದ ಎಳೆದು ತೆಗೀರಿ. ಸುಟ್ಟ ವಾಸನೆ ಬಂದ್ರೆ, ಹೊಗೆ ಕಂಡ್ರೆ, ಬಾನೆಟ್ ಎತ್ತಕ್ಕೆ ಹೋಗ್ಬೇಡಿ, ಎಲ್ರನ್ನೂ ಇಳ್ಸಿ ದೂರ ಕರ್ಕೊಂಡ್ ಹೋಗಿ ಅಲ್ಲಿಂದ 112ಕ್ಕೆ ಫೋನ್ ಮಾಡಿ.