ಲಾಡಿ ಕಟ್ಟಿದ ಮೇಲೆ ಬಂದ ಮುದುಕ

ನಲವತ್ತೊಂದರ ನಾನು ಎಂಬತ್ತರ ಮುದುಕನ ಪಾತ್ರ ಒಪ್ಪಿಕೊಂಡಾಗ ನಿರ್ದೇಶಕರನ್ನು ಬಿಟ್ಟರೆ ಯಾರಿಗೂ ನಂಬಿಕೆ ಇರಲಿಲ್ಲ. "ಸರ್, ಕ್ಲೋಸಪ್‌ನಲ್ಲಿ ಗಡ್ಡ ಅಂಟಿಸಿಕೊಂಡ ಹುಡುಗನಂತೆ ಕಾಣುತ್ತೀರಿ" ಎಂದು ಛಾಯಾಗ್ರಾಹಕರು ಮುಖದ ಮೇಲೆಯೇ ಹೇಳಿದ್ದರು. ಮೊನ್ನೆ ಡಬ್ಬಿಂಗ್ ಮುಗಿಯಿತು. ಆದ್ದರಿಂದ ಈಗ ಬರೆಯುತ್ತಿದ್ದೇನೆ.

ಮೊದಲು ನಾನೂ ಮುಖದ ಹಿಂದೆಯೇ ಬಿದ್ದೆ. ಚರ್ಮ ಎಳೆದು ಹಿಡಿದು ಲೇಟೆಕ್ಸ್ ಎಂಬ ದ್ರವ ರಬ್ಬರ್ ತಟ್ಟಿ, ಒಣಗಿಸಿ, ಪೌಡರ್ ಹಾಕಿ ಬಿಟ್ಟು ಸುಕ್ಕು ಬರಿಸುವ ಕೆಲಸ ಅದು. ಟೆಸ್ಟ್‌ಗೆಂದು ಕೈಯಿಂದ ಹದಿನೆಂಟು ಸಾವಿರದಷ್ಟು ಹೋಯಿತು. ಒಟ್ಟು ಸಂಭಾವನೆಯೇ 60 ಸಾವಿರ. ಏಪ್ರಿಲ್ ಬಿಸಿಲಿಗೆ ಬೆವರಿ, ಊಟದ ಹೊತ್ತಿಗೆ ಬಾಯಿಯ ಸುತ್ತ ಎಲ್ಲವೂ ಕಿತ್ತು ಬಂತು. 1996ರ 'ಇಂಡಿಯನ್'ನಲ್ಲಿ ಕಮಲ್ ಹಾಸನ್ ಮುದುಕನಾಗಲು ಹಾಲಿವುಡ್‌ನ ಮೇಕಪ್ ಕಲಾವಿದ ಮೈಕೆಲ್ ವೆಸ್ಟ್‌ಮೋರ್ ಇದ್ದರು. ನಮ್ಮ ಬಜೆಟ್‌ಗೆ ಅದು ಎಟುಕುವುದಲ್ಲ. ಧೈರ್ಯ ಕೊಟ್ಟದ್ದು ಸಂಚಾರಿ ವಿಜಯ್ ಅವರ ಅಭಿನಯ. 'ನಾನು ಅವನಲ್ಲ ಅವಳು' ಚಿತ್ರಕ್ಕೆ ರಾಷ್ಟ್ರಪ್ರಶಸ್ತಿ ಪಡೆದ ಆ ರಂಗಭೂಮಿಯ ನಟನ ಕುತ್ತಿಗೆ, ಬೆರಳು, ನಿಲುವು ಎಲ್ಲವೂ ಪಾತ್ರವೇ ಆಗಿದ್ದವು.

ಊರಿಗೆ ಹೋಗಿ ದೊಡ್ಡಪ್ಪನ ಮನೆಯಲ್ಲಿ ಹನ್ನೊಂದು ದಿನ ಕುಳಿತೆ. ಇದಕ್ಕಾಗಿ ಒಂದು ಧಾರಾವಾಹಿಯ ಕಾಲ್‌ಶೀಟ್ ಬಿಟ್ಟುಕೊಟ್ಟೆ, ಅಂದಾಜು 25 ಸಾವಿರ ನಷ್ಟ. ಹೊಸ್ತಿಲು ದಾಟುವಾಗ ದೊಡ್ಡಪ್ಪನ ಕೈ ಮೊದಲು ಚೌಕಟ್ಟಿಗೆ ಹೋಗುತ್ತದೆ, ಒಂದು ಉಸಿರು ನಿಲ್ಲುತ್ತದೆ, ಆಮೇಲೆ ಕಾಲು. ತಿರುಗಿ ನೋಡಬೇಕಾದರೆ ಕುತ್ತಿಗೆಯ ಜೊತೆಗೆ ಭುಜವೂ ತಿರುಗುತ್ತದೆ. ಇದನ್ನು ನಟಿಸಲು ಹೋದಾಗಲೆಲ್ಲ ನಾಟಕದ ಮುದುಕನೇ ಬಂದ. ಕೊನೆಗೆ ಪಂಚೆಯೊಳಗೆ, ಮೊಣಕಾಲಿನ ಮೇಲೆ, ಎರಡೂ ತೊಡೆಗೆ ಸೇರಿಸಿ ಹತ್ತಿಯ ಲಾಡಿ ಕಟ್ಟಿದೆ. ಒಂದು ಅಡಿಗಿಂತ ಹೆಚ್ಚು ಹೆಜ್ಜೆ ಹಾಕಲಾಗುವುದಿಲ್ಲ, ಬೀಳುವ ಭಯ ನಿಜವಾಗಿಯೇ ಹುಟ್ಟುತ್ತದೆ. ಆ ಭಯಕ್ಕೆ ಕೈ ತಾನಾಗಿ ಗೋಡೆ ಹುಡುಕುತ್ತದೆ. ಗಂಟು ಎಷ್ಟು ಬಿಗಿ, ಎಡಕ್ಕೋ ಬಲಕ್ಕೋ ಎಂಬುದನ್ನು ಮಾತ್ರ ಇಲ್ಲಿ ಹೇಳುವುದಿಲ್ಲ.

ಮಂಜುಗಣ್ಣಿಗೆಂದು ಹೆಚ್ಚು ಪವರ್‌ನ ಹಳೆಯ ಕನ್ನಡಕ ಹಾಕಿ ಎರಡು ದಿನ ಓಡಾಡಿ ನೋಡಿದೆ. ತಲೆನೋವು ಬಂತೇ ಹೊರತು ಪಾತ್ರಕ್ಕೆ ಏನೂ ದಕ್ಕಲಿಲ್ಲ. ಅದಕ್ಕಿಂತ ಎಲೆ ಅಡಿಕೆಯನ್ನು ಒಂದೇ ದವಡೆಯಲ್ಲಿ ಅಗಿಯುವುದು ಫಲ ಕೊಟ್ಟಿತು, ಮಾತು ತಾನಾಗಿ ಒಂದು ಪಕ್ಕಕ್ಕೆ ವಾಲಿತು.

ಚಿತ್ರೀಕರಣದ ಮೂರನೆಯ ದಿನ, ಎಪ್ಪತ್ತು ದಾಟಿದ ಆ ಊರಿನ ಅಜ್ಜಿಯೊಬ್ಬರು "ಅಣ್ಣಾ, ನೆರಳಿಗೆ ಬಾ" ಎಂದು ನನ್ನನ್ನು ಕರೆದರು. ಮುಖಕ್ಕೆ ಇದ್ದದ್ದು ಬಿಳಿ ಗಡ್ಡ ಮತ್ತು ಒಂದಿಷ್ಟು ಬಣ್ಣ ಮಾತ್ರ. ಛಾಯಾಗ್ರಾಹಕರು ಪಕ್ಕದಲ್ಲೇ ನಿಂತಿದ್ದರು.

ಡಬ್ಬಿಂಗ್‌ನಲ್ಲಿ ಮತ್ತೆ ಪೆಟ್ಟು ಬಿತ್ತು. ಮೈಕ್ ಮುಂದೆ ನಿಂತರೆ ನನ್ನದೇ ಎಳೆ ದನಿ. ಇಪ್ಪತ್ತಕ್ಕೂ ಹೆಚ್ಚು ಟೇಕ್ ಹಾಳಾದ ಮೇಲೆ ಮನೆಯಿಂದ ಲಾಡಿ ತರಿಸಿ ಕಟ್ಟಿಕೊಂಡೆ, ಮೈಕ್ ಇಳಿಸಲು ಹೇಳಿ ನೆಲದ ಮೇಲೆ ಕುಳಿತೆ. ಏಳಲು ಹೆಣಗುವ ಉಸಿರಿನೊಂದಿಗೆ ದನಿಯೂ ಬಂತು. ಎರಡು ದಿನದ ಕೆಲಸ ಅಂದೇ ಸಂಜೆ ಮುಗಿಯಿತು. ಸ್ಟುಡಿಯೊ ಬಾಡಿಗೆ ಉಳಿಯಿತೆಂದು ನಿರ್ಮಾಪಕರು ಬಾಕಿಯಿದ್ದ 15 ಸಾವಿರವನ್ನು ಅಲ್ಲೇ ಎಣಿಸಿ ಕೊಟ್ಟರು.