ಆಶ್ಲೇಷ ಮಳೆಗೆ ಮೋರಿ, ತಡೆಗೋಡೆ, ಕೋಡಿ ಕೈಕೊಡುವುದೇಕೆ? ಮೇ ತಿಂಗಳಲ್ಲೇ ನೋಡಿಕೊಳ್ಳಬೇಕಾದ್ದು

ಜೂನ್‌ನಲ್ಲಿ ದಿನಕ್ಕೆ ಐದು ಇಂಚು ಮಳೆ ಬಿದ್ದರೂ ಕೊಡಗಿನಲ್ಲಿ ಯಾರೂ ಗಾಬರಿಯಾಗುವುದಿಲ್ಲ. ಅದೇ ಐದು ಇಂಚು ಪುನರ್ವಸು, ಪುಷ್ಯ ಎರಡೂ ಬಿಡದೆ ಸುರಿದ ಮೇಲೆ ಆಗಸ್ಟ್‌ನಲ್ಲಿ, ಆಶ್ಲೇಷ ಮಳೆಯ ಹೊತ್ತಿಗೆ ಬಿದ್ದರೆ ಮೋರಿ ಉಕ್ಕುತ್ತದೆ, ಬರೆ (ಗುಡ್ಡ ಕಡಿದಲ್ಲಿ ಉಳಿದ ಮಣ್ಣಿನ ಗೋಡೆ) ಜಾರುತ್ತದೆ. 2018ರಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡ ಕುಸಿದದ್ದೂ ಆಗಸ್ಟ್ ಮಧ್ಯದಲ್ಲೇ. ಅಷ್ಟು ಹೊತ್ತಿಗೆ ಮಣ್ಣು ಕುಡಿಯುವಷ್ಟು ಕುಡಿದು ಮುಗಿಸಿರುತ್ತದೆ. ಹಾಗಾಗಿ ಚರಂಡಿಯ ಲೆಕ್ಕ ಹಾಕುವಾಗ ಇಂಗುವ ನೀರು ಸೊನ್ನೆ ಎಂದೇ ಹಿಡಿಯಿರಿ.

ಲೆಕ್ಕ ಸುಲಭ. ಒಂದು ಎಕರೆ ಮೇಲೆ ಒಂದು ಇಂಚು ಮಳೆ ಎಂದರೆ ಸುಮಾರು 1.03 ಲಕ್ಷ ಲೀಟರ್. ಅದು ಒಂದೇ ಗಂಟೆಯಲ್ಲಿ ಬಿದ್ದು ಪೂರ್ತಿ ಹರಿದರೆ ಸೆಕೆಂಡಿಗೆ 28 ಲೀಟರ್, ಅಂದರೆ ಒಂದು ಕ್ಯೂಸೆಕ್. ನೂರು ಅಡಿಗೆ ಒಂದು ಅಡಿ ಇಳಿಜಾರಿನಲ್ಲಿ ಕೂರಿಸಿದ ಒಂದು ಅಡಿ ವ್ಯಾಸದ ಸಿಮೆಂಟ್ ಪೈಪು ಚೊಕ್ಕಟವಾಗಿದ್ದರೆ ತುಂಬಿ ಹರಿದಾಗ ಸೆಕೆಂಡಿಗೆ ಸುಮಾರು 95 ಲೀಟರ್ ಸಾಗಿಸುತ್ತದೆ, ಅಂದರೆ ಮೂರು ಚಿಲ್ಲರೆ ಎಕರೆಯ ನೀರು. ಹತ್ತು ಎಕರೆ ತೋಟದ ನೀರು ಬಂದು ಸೇರುವ ರಸ್ತೆಗೆ ಒಂದು ಅಡಿ ಪೈಪು ಹಾಕಿದರೆ ಅದು ಸೋಲಲೆಂದೇ ಹಾಕಿದ ಹಾಗೆ. ಎರಡು ಅಡಿ ಪೈಪಿಗೆ ಅದರ ಆರು ಪಟ್ಟು ಸಾಮರ್ಥ್ಯವಿದೆ. ಖರ್ಚು ಮಾತ್ರ ಆರು ಪಟ್ಟಾಗುವುದಿಲ್ಲ.

ಚರಂಡಿ ಬಿಡಿಸುವ ಕೆಲಸ ಕೆಳಗಿನಿಂದ ಶುರುವಾಗಬೇಕು. ನೀರು ತೋಡಿಗೆ (ಸಣ್ಣ ಹಳ್ಳಕ್ಕೆ) ಬೀಳುವ ಜಾಗ ಮೊದಲು, ಆಮೇಲೆ ಮೋರಿ, ಕೊನೆಗೆ ಮೇಲಿನ ಚರಂಡಿ. ಮೇಲಿನಿಂದ ಬಿಡಿಸಿದರೆ ಹೂಳೆಲ್ಲ ಬಂದು ಮೋರಿಯ ಬಾಯಿಯಲ್ಲೇ ಕೂರುತ್ತದೆ. ಸಿಲ್ವರ್ ಓಕ್ ಎಲೆಯನ್ನು ಕಡೆಗಣಿಸಬೇಡಿ: ಒಂದು ಗಾಳಿಮಳೆಗೆ ಉದುರಿದ ಎಲೆ ಸಣ್ಣ ಕಂಡಿಯ ಜಾಲರಿಯನ್ನು ಮುಚ್ಚಲು ಸಾಕು. ಮೋರಿಗಿಂತ ಹತ್ತಡಿ ಮೇಲೆ ಅರ್ಧ ಅಡಿಗೊಂದರಂತೆ ಕಂಬಿ ನೆಟ್ಟು ಕಸವನ್ನು ಅಲ್ಲೇ ತಡೆಯಿರಿ. ಅಲ್ಲಿ ನಿಂತ ಕಸ ಕೈಗೆ ಸಿಗುತ್ತದೆ, ಪೈಪಿನೊಳಗೆ ಹೋದದ್ದು ಸಿಗುವುದಿಲ್ಲ.

ತಡೆಗೋಡೆಯ ವಿಷಯಕ್ಕೆ ಬಂದರೆ, ಅದು ಮಣ್ಣಿನ ಭಾರಕ್ಕಿಂತ ಹೆಚ್ಚಾಗಿ ಬೆನ್ನ ಹಿಂದೆ ಕಟ್ಟಿಕೊಂಡ ನೀರಿಗೆ ಬೀಳುತ್ತದೆ. ಹತ್ತಡಿ ಗೋಡೆಯ ಹಿಂದೆ ತುದಿಯವರೆಗೆ ನೀರು ನಿಂತರೆ, ಗೋಡೆಯ ಪ್ರತಿ ಮೀಟರ್ ಉದ್ದದ ಮೇಲೂ ನೀರಿನದೇ ಸುಮಾರು ನಾಲ್ಕೂವರೆ ಟನ್ ಒತ್ತಡ. ಅದಕ್ಕೇ ಗೋಡೆಯಲ್ಲಿ ನೀರುಗಂಡಿ ಇಡುವುದು. ಮೂರು ಅಥವಾ ನಾಲ್ಕು ಇಂಚಿನ ಪಿವಿಸಿ ಪೈಪು, ನಾಲ್ಕೈದು ಅಡಿಗೊಂದು, ಹೊರಕ್ಕೆ ಇಳಿಜಾರಾಗಿ. ಕೆಳಗಿನ ಸಾಲು ನೆಲದಿಂದ ಒಂದಡಿಯೊಳಗೇ ಇರಲಿ. ಬಹುತೇಕ ಗೋಡೆಗಳಲ್ಲಿ ಪೈಪು ಇರುತ್ತದೆ, ಆದರೆ ಹಿಂದೆ ಜಲ್ಲಿ ಇರುವುದಿಲ್ಲ. ನಮ್ಮ ಕೆಂಪು ಮಣ್ಣು ಒಂದೆರಡು ಮಳೆಗಾಲದಲ್ಲಿ ಅದನ್ನು ಬಿರಡೆ ಹಾಕಿದಂತೆ ಮುಚ್ಚುತ್ತದೆ. ಗೋಡೆಯ ಹಿಂದೆ ಕನಿಷ್ಠ ಒಂದಡಿ ದಪ್ಪಕ್ಕೆ 20ರಿಂದ 40 ಮಿ.ಮೀ. ಜಲ್ಲಿ, ಜಲ್ಲಿಗೂ ಮಣ್ಣಿಗೂ ನಡುವೆ ನೀರು ಬಿಟ್ಟು ಮಣ್ಣು ತಡೆಯುವ ಜಿಯೋಟೆಕ್ಸ್‌ಟೈಲ್ ಬಟ್ಟೆ ಬೇಕೇ ಬೇಕು. ಹಳೆಯ ಗೋಡೆಯನ್ನು ಪರೀಕ್ಷಿಸಲು ಹಣ ಬೇಡ. ಮೂರು ದಿನ ಮಳೆ ಬಿದ್ದ ಮೇಲೆ ಗೋಡೆಯ ಮೈ ಜಿನುಗುತ್ತಾ, ಕಂಡಿಗಳು ಮಾತ್ರ ಒಣಗಿದ್ದರೆ ಅವು ಕಟ್ಟಿವೆ ಎಂದೇ ಅರ್ಥ.

ತೋಟದಲ್ಲಿ ಮಳೆನೀರು ಇಂಗಲೆಂದು ತೆಗೆದ ತೊಟ್ಟಿಲುಗುಂಡಿಗಳು ಬೇಸಿಗೆಯ ತೇವಕ್ಕೆ ಒಳ್ಳೆಯವು. ಆದರೆ ಮನೆಯ ಹಿಂದೆ ಮಣ್ಣು ಕಡಿದು ಮಾಡಿದ ಬರೆಯ ನೆತ್ತಿಯಲ್ಲಿ ಅವು ಇರಬಾರದು. ತುಂಬಿ ನಿಂತ ಗುಂಡಿ ಹಗಲೂ ರಾತ್ರಿ ಬರೆಯೊಳಗೆ ನೀರು ಇಳಿಸುತ್ತಲೇ ಇರುತ್ತದೆ. ಅಲ್ಲಿರುವ ಗುಂಡಿಗಳನ್ನು ಮುಚ್ಚಿ, ನೆತ್ತಿಯಿಂದ ಹತ್ತು ಹದಿನೈದು ಅಡಿ ಹಿಂದೆ ಅಡ್ಡ ಚರಂಡಿ ತೆಗೆದು, ತಳಕ್ಕೆ ಸಿಮೆಂಟ್ ಹಾಕಿಸಿ ಪಕ್ಕದ ತೋಡಿಗೆ ಬಿಡಿ. ಬರೀ ಮಣ್ಣಿನ ಚರಂಡಿಯಾದರೆ ಅದೂ ಒಂದು ಇಂಗುಗುಂಡಿಯೇ. ಈ ಚರಂಡಿ ಇಲ್ಲದೆ ಬರೆಗೆ ಟಾರ್ಪಾಲ್ ಹೊದೆಸಿದರೆ ಕಣ್ಣಿಗೆ ಸಮಾಧಾನ, ಅಷ್ಟೇ.

ಕೆರೆಯ ಏರಿ ಒಡೆಯುವುದು ಹೆಚ್ಚಾಗಿ ಕೋಡಿಯಿಂದ, ಅಂದರೆ ಹೆಚ್ಚಾದ ನೀರು ಹೊರಹೋಗುವ ದಾರಿಯಿಂದ. ಮೀನು ಹೋಗದಿರಲಿ ಎಂದು ಕೋಡಿಗೆ ಕಟ್ಟಿದ ಬಲೆಗೆ ಎಲೆ ಅಂಟಿ, ನೀರು ಏರಿಯ ಮೇಲೇ ಹತ್ತುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಲೆ ಬೇಡ, ಮೀನು ಹೋದರೆ ಹೋಗಲಿ. ಕೋಡಿಗಿಂತ ಏರಿ ಎರಡು ಮೂರು ಅಡಿ ಎತ್ತರವಿರಲಿ. ಏರಿಯ ಬುಡದಲ್ಲಿ ಒಸರುವ ನೀರು ತಿಳಿಯಾಗಿದ್ದರೆ ದಿನವೂ ಗಮನಿಸಿ. ಕೆಂಪಾದರೆ ಒಳಗೆ ಮಣ್ಣು ಕೊಚ್ಚಿಹೋಗುತ್ತಿದೆ, ತೂಬು ತೆರೆದು ಕೆಳಗಿನ ಮನೆಯವರಿಗೆ ತಿಳಿಸಿ.

ಕರಡಿಗೋಡು, ಕುಶಾಲನಗರದ ಹೊಳೆದಂಡೆಯವರ ಸಮಸ್ಯೆ ಬೇರೆ. ಕಾವೇರಿ ಏರಿದಾಗ ಚರಂಡಿಯ ಪೈಪಿನಲ್ಲಿ ನೀರು ಹಿಂದಕ್ಕೆ ಬರುತ್ತದೆ. ಪೈಪಿನ ತುದಿಗೆ ಒಂದೇ ಕಡೆ ತೆರೆಯುವ ಮುಚ್ಚಳದ ವಾಲ್ವ್ ಹಾಕಬಹುದು, ಆದರೆ ಅದು ಮುಚ್ಚಿದಾಗ ಒಳಗಿನ ಮಳೆನೀರಿಗೆ ಪಂಪು ಬೇಕು, ಅದೂ ಡೀಸೆಲ್‌ನದು. ಆ ಹೊತ್ತಿಗೆ ಕರೆಂಟ್ ನಂಬುವ ಹಾಗಿಲ್ಲ. ಹಾರಂಗಿ ಅಣೆಕಟ್ಟು ಇದೆಯಲ್ಲ ಎಂದು ಕೂರಬೇಡಿ. ಹಾರಂಗಿ ಹೊಳೆ ಕಾವೇರಿಯನ್ನು ಸೇರುವುದು ಕುಶಾಲನಗರ ದಾಟಿದ ಮೇಲೆ, ಕೂಡಿಗೆಯಲ್ಲಿ. ಭಾಗಮಂಡಲ, ಸಿದ್ದಾಪುರದ ಕಡೆಯಿಂದ ಬರುವ ನೀರನ್ನು ಅದು ಹಿಡಿಯುವುದೇ ಇಲ್ಲ. ಜೊತೆಗೆ ಅದು ನೀರಾವರಿಗೆಂದು ಕಟ್ಟಿದ 8.5 ಟಿಎಂಸಿ ಜಲಾಶಯ. ತುಂಬಿದ ಮೇಲೆ ಒಳಬಂದಷ್ಟನ್ನೂ ಹೊರಬಿಡಲೇಬೇಕು.

ಬರೆಯ ಮೇಲೆ ಬಿರುಕು ಕಂಡರೆ ಎರಡೂ ಬದಿಗೆ ಗೂಟ ಹೊಡೆದು, ನಡುವಿನ ಅಂತರವನ್ನು ಬೆಳಿಗ್ಗೆ, ಸಂಜೆ ಟೇಪಿನಲ್ಲಿ ಅಳೆದು ಬರೆದಿಡಿ. ಬಿರುಕಿಗೆ ಜೇಡಿಮಣ್ಣು ತುಂಬಿ ಮುಚ್ಚಿ. ಅಂತರ ಹೆಚ್ಚುತ್ತಿದ್ದರೆ, ಬಾಗಿಲು ಕಿಟಕಿ ಇದ್ದಕ್ಕಿದ್ದಂತೆ ಬಿಗಿಯಾದರೆ, ಅಥವಾ ಮಳೆ ಸುರಿಯುತ್ತಿರುವಾಗಲೇ ತೋಡಿನ ನೀರು ತಗ್ಗಿದರೆ ಅಳೆಯುತ್ತಾ ನಿಲ್ಲಬೇಡಿ. ಮನೆ ಬಿಟ್ಟು ಹೊರಡಿ, ದಾರಿಯಲ್ಲಿ 112ಕ್ಕೆ ಕರೆ ಮಾಡಿ.